ಎಡಗಡೆ ಮುಂದಿನ ಚಕ್ರದ ಬೇರಿಂಗ್

ಹಳೇ ಕಾರು ಇಟ್ಟುಕೊಂಡವರ ಮನೆಯಲ್ಲಿ ಬೇಸರ ಅನ್ನುವ ಮಾತೇ ಇರುವುದಿಲ್ಲ. ಒಂದು ಆಘಾತದಿಂದ ಎದ್ದು ಕೂರುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ತಟ್ಟುತ್ತದೆ. ಈ ವರ್ಷ ನಮ್ಮ ಮನೆಗೆ ಬಂದ ಆಘಾತಗಳೆಲ್ಲ ಕಾರಿನ ಎಡಗಡೆ ಮುಂದಿನ ಚಕ್ರದಿಂದಲೇ ಬಂದವು.

ಕಾರು ನಮ್ಮ ಯಜಮಾನರ ಹೆಸರಿನಲ್ಲಿದೆ, ಓಡಿಸುವವಳು ನಾನು. ಮನೆ ಮುಳಬಾಗಿಲಿನಲ್ಲಿ. ನಾನು ಕನ್ನಡ ಪಾಠ ಮಾಡುವ ಸರ್ಕಾರಿ ಹೈಸ್ಕೂಲು ಶ್ರೀನಿವಾಸಪುರದ ದಾರಿಯ ಒಂದು ಹಳ್ಳಿಯಲ್ಲಿ. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತೆ. ಕಲಿಯುವಾಗ ನಮ್ಮ ಬೀದಿಯ ಕಾಂಪೌಂಡುಗಳಿಗೂ ಒಂದು ಹಸುವಿಗೂ ಸ್ವಲ್ಪ ತೊಂದರೆಯಾಯಿತು, ಅದು ಬೇರೆ ವಿಷಯ. ಆದರೆ ಬೆಳಿಗ್ಗೆ ಕಾರಿನ ಕೀ ಹಿಡಿದು ಹೊರಟರೆ ಯಾರನ್ನೂ ಕಾಯಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಆ ಸುಖ ಕೈತಪ್ಪುವುದನ್ನು ನೆನೆಯಲೂ ನನಗೆ ಇಷ್ಟವಿಲ್ಲ.

ಸದ್ದು

ಮೊದಮೊದಲು ಅದು ಜೇನುಹುಳದ ಹಾಗೆ ಗುಂಯ್ ಎನ್ನುತ್ತಿತ್ತು. ಆಮೇಲೆ ವೇಗ ನಲವತ್ತು ದಾಟಿದರೆ ಸಾಕು, ಹಿಟ್ಟಿನ ಗಿರಣಿಯೊಳಗೆ ಕೂತ ಹಾಗಾಗುತ್ತಿತ್ತು. ದಿನಾ ನನ್ನ ಜೊತೆ ಬರುವ ಹಿಂದಿ ಮೇಡಂ, "ರೋಡ್ ಖರಾಬ್ ಐತೆ ಮೇಡಂ, ಅದರ ಸದ್ದು" ಅಂದರು. ನನಗೂ ಅದೇ ಉತ್ತರ ಬೇಕಾಗಿತ್ತು, ಒಪ್ಪಿಕೊಂಡೆ. ಸ್ವಲ್ಪ ದಿನಕ್ಕೆ ಆ ರಸ್ತೆಗೆ ಹೊಸ ಡಾಂಬರು ಹಾಕಿದರು. ಸದ್ದು ಇನ್ನೂ ಜೋರಾಯಿತು. "ಡಾಂಬರ್ ಹೊಸದಲ್ವಾ ಮೇಡಂ, ಸೆಟ್ ಆಗ್ಬೇಕು" ಅಂದರು ಹಿಂದಿ ಮೇಡಂ. ಅದನ್ನೂ ಒಪ್ಪಿಕೊಂಡೆ.

ಪಕ್ಕಪಕ್ಕದಲ್ಲಿ ಕೂತು ಕಿರುಚಿಕೊಂಡೇ ಮಾತಾಡುವುದು ನಮಗೆ ರೂಢಿಯಾಯಿತು. ಕಾರಿನಿಂದ ಇಳಿದ ಮೇಲೂ ಗಂಟಲು ತಗ್ಗುತ್ತಿರಲಿಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ನಾವಿಬ್ಬರೂ ಮಾತಾಡುತ್ತಿದ್ದಾಗ ಹೆಡ್‌ಮಾಸ್ಟರು ಓಡಿ ಬಂದರು. ಇಬ್ಬರ ಮಧ್ಯೆ ನಿಂತು, "ನೋಡಿ, ಮಕ್ಕಳು ಕೇಳಿಸ್ಕೋತಾರೆ. ಏನೇ ಇದ್ರೂ ನನ್ನ ರೂಮಲ್ಲಿ ಕೂತು ಬಗೆಹರಿಸಿಕೊಳ್ಳೋಣ" ಎಂದು ಕೈಮುಗಿದರು.

ನಾನು ಹಿಂದಿ ಮೇಡಂಗೆ ಬಸ್ಸಾರು ಮಾಡುವ ಕ್ರಮ ಹೇಳಿಕೊಡುತ್ತಿದ್ದೆ.

ಬೇರಿಂಗಿಗೂ ದುಡ್ಡೇ?

ನಾನು ಹುಟ್ಟಿ ಬೆಳೆದದ್ದು ನಂಗಲಿಯಲ್ಲಿ. ಆಂಧ್ರದ ಗಡಿ, ಹೆದ್ದಾರಿ, ರಸ್ತೆಯುದ್ದಕ್ಕೂ ಲಾರಿ ರಿಪೇರಿ ಶೆಡ್ಡುಗಳು. ಸವೆದುಹೋದ ಬೇರಿಂಗುಗಳನ್ನು ಶೆಡ್ಡಿನವರು ಮಕ್ಕಳಿಗೆ ಪುಕ್ಕಟೆ ಕೊಟ್ಟುಬಿಡುತ್ತಿದ್ದರು. ಒಂದು ಹಲಗೆಗೆ ಮೂರು ಬೇರಿಂಗ್ ಸಿಕ್ಕಿಸಿದರೆ ನಮ್ಮ ಗಾಡಿ ತಯಾರು. ಹಾಗಾಗಿ ಬೇರಿಂಗ್ ಎಂದರೆ ಹುಣಿಸೆ ಬೀಜದ ಹಾಗೆ ದುಡ್ಡಿಲ್ಲದೆ ಸಿಗುವ ಸಾಮಾನು ಎಂದೇ ನನ್ನ ತಲೆಯಲ್ಲಿ ಕೂತಿತ್ತು.

ನಮ್ಮ ಬೀದಿ ಕೊನೆಯ ಗ್ಯಾರೇಜಿನ ಭಾಯ್ ಚಕ್ರವನ್ನು ಜಾಕಿಯ ಮೇಲೆ ಎತ್ತಿ ಅಲ್ಲಾಡಿಸಿ ನೋಡಿದರು. ಚಕ್ರ ಹಾಲುಹಲ್ಲಿನ ಹಾಗೆ ಅಲ್ಲಾಡಿತು.

"ಬೇರಿಂಗ್ ಹೋಗಿದೆ ಮೇಡಂ."

"ಅಷ್ಟೇನಾ?" ನನಗೆ ಹೋದ ಜೀವ ಬಂದಂತಾಯಿತು. "ಹಾಕ್ಬಿಡಿ ಭಾಯ್. ಇನ್ನೂರು ಆಗುತ್ತಾ?"

ಭಾಯ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡರು. "ನಾಕೂವರೆ ಸಾವಿರ."

"ನಾಲ್ಕು ಚಕ್ರಕ್ಕಾ?"

"ಒಂದಕ್ಕೆ ಮೇಡಂ. ಹಳೇ ಗಾಡಿ. ಬೇರಿಂಗ್ ಕೂತಿರೋ ಹಬ್ ಕೂಡ ತಿಂದೋಗಿದೆ, ಅದೂ ಹೊಸದು ಬೇಕು. ಕೈಯಲ್ಲಿ ಕೀಳೋಕಾಗಲ್ಲ, ಪ್ರೆಸ್ಸಲ್ಲಿ ಒತ್ತಿ ತೆಗೀಬೇಕು. ಹಂಗೇ ಬಿಟ್ರೆ ಒಂದಿನ ಚಕ್ರ ನಿಮಗಿಂತ ಮುಂಚೆ ಸ್ಕೂಲಿಗೆ ಹೋಗ್ತದೆ."

ನಾನು ಅಲ್ಲೇ ಇದ್ದ ಟೈರಿನ ಮೇಲೆ ಕೂತೆ. "ನಂಗಲೀಲಿ ಪುಕ್ಕಟೆ ಕೊಡ್ತಿದ್ರು" ಎಂದೆ.

"ಲಾರೀದಾ? ತಗೊಂಡ್ಬನ್ನಿ. ಅದರ ತೂತಲ್ಲಿ ನಿಮ್ಮ ಕಾರೇ ದಾಟಿ ಹೋಗಬೋದು" ಅಂದರು ಭಾಯ್.

ಕೋಲಾರದ ಕಾಫಿ

ನಮ್ಮ ಯಜಮಾನರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇದೆ. ಅವರು ಓಡಾಡುವುದು ಸ್ಕೂಟರಿನಲ್ಲಿ. ವಿಷಯ ಕೇಳಿದ ಕೂಡಲೇ, "ಮೂಗಿಗಿಂತ ಮೂಗುತಿ ಭಾರ ಆಯ್ತು ಕಣೇ. ಮಾರ್ಬಿಡಣ. ಹೆಂಗಸರಿಗೆ ಬಸ್ಸು ಫ್ರೀ ಇದೆ, ನಿಂಗ್ಯಾಕೆ ಕಾರು?" ಅಂದರು. ಅವರು ಅಷ್ಟು ಬೇಗ ಮಾರುವ ಮಾತಿಗೆ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬೇರೆ ಕಡೆ ಕಡಿಮೆಗೆ ಆಗುತ್ತದೆ, ನೋಡುತ್ತಿರಿ ಎಂದು ಹಟ ಮಾಡಿ, ಶನಿವಾರ ಮಧ್ಯಾಹ್ನ ಹಿಂದಿ ಮೇಡಂ ಅವರನ್ನೂ ಕರೆದುಕೊಂಡು ಕೋಲಾರದ ದೊಡ್ಡ ಸರ್ವೀಸ್ ಸೆಂಟರಿಗೆ ಹೋದೆ.

ಒಳಗೆ ಏಸಿ, ಮೆತ್ತನೆ ಸೋಫಾ. ಕೂತ ತಕ್ಷಣ ಕಾಫಿ ತಂದುಕೊಟ್ಟರು. ಹಿಂದಿ ಮೇಡಂ ಒಂದು ಕುಡಿದು ಇನ್ನೊಂದು ಕೇಳಿ ತರಿಸಿಕೊಂಡರು. "ದೇಖೋ ಮೇಡಂ, ಎಷ್ಟು ಮರ್ಯಾದೆ ಕೊಡ್ತಾರೆ. ಆ ಭಾಯ್ ಕೂತ್ಕೊಳೋಕೆ ಟೈರ್ ಕೊಟ್ರಂತೆ" ಎಂದು ಮೆಚ್ಚಿಕೊಂಡರು.

ಟೈ ಕಟ್ಟಿದ ಒಬ್ಬ ಬಂದು, ಬೇರಿಂಗ್, ಹಬ್, ಕೂಲಿ, ಅಲೈನ್‌ಮೆಂಟ್, ವಾಟರ್ ವಾಶ್ ಎಂದು ಓದುತ್ತಾ ಹೋಗಿ ಕೊನೆಗೆ, "ಎಲ್ಲಾ ಸೇರಿ ಹನ್ನೊಂದು ಸಾವಿರ ಚಿಲ್ಲರೆ ಮೇಡಂ" ಎಂದ.

ಹಿಂದಿ ಮೇಡಂ ಎರಡನೇ ಲೋಟವನ್ನು ತುಟಿಯಿಂದ ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟರು. ಅದನ್ನು ಅವನ ಕಡೆಗೆ ಸರಿಸುತ್ತಾ, "ಇದು ನಾನು ಅರ್ಧಾನೇ ಕುಡಿದಿರೋದು" ಅಂದರು.

ಪುಕ್ಕಟೆ ಬಸ್ಸು

ಚಕ್ರ ಕಳಚುತ್ತದೆಂಬ ಹೆದರಿಕೆಗೆ ಒಂದು ದಿನ ಕಾರು ಮನೆಯಲ್ಲೇ ಬಿಟ್ಟು ಬಸ್ಸಿಗೆ ಹೋದೆ. ಅವತ್ತು ಹಿಂದಿ ಮೇಡಂ ರಜಾ ಹಾಕಿದ್ದರು, ಪುಣ್ಯವಂತೆ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಹತ್ತಲಿಲ್ಲ, ಹಿಂದಿನವರು ಹತ್ತಿಸಿದರು. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿದ ಕೈಯನ್ನು ವಾಪಸ್ ಕೆಳಗಿಳಿಸಲಾಗಲಿಲ್ಲ. ನಮ್ಮ ಶಾಲೆ ಬಂತು, ಬಸ್ಸು ನಿಂತಿತು. "ಇಳೀಬೇಕು, ದಾರಿ ಬಿಡಿ" ಎಂದು ಕೂಗಿದೆ. ಬಾಗಿಲ ಹತ್ತಿರ ಟೊಮೆಟೊ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳು, "ಎಲ್ಲಿಂದ ಬಿಡ್ಲಿ ಅಕ್ಕಾ, ನಾನೂ ಹಿಂದಿನ ಸ್ಟಾಪಲ್ಲೇ ಇಳೀಬೇಕಿತ್ತು" ಅಂದಳು. ಬಸ್ಸು ಹೊರಟೇ ಹೋಯಿತು.

ಶ್ರೀನಿವಾಸಪುರದಲ್ಲಿ ಇಳಿದು ವಾಪಸ್ ಬಸ್ಸು ಹತ್ತಿದೆ. ಅದೂ ಹಾಗೇ ತುಂಬಿತ್ತು. ಈ ಸಲವೂ ಇಳಿಯಲಾಗದೆ ಮುಂದಿನ ಊರಿಗೆ ಹೋಗಿ, ಅಲ್ಲಿಂದ ಬಿಸಿಲಲ್ಲಿ ನಡೆದು ಬಂದಾಗ ಮಧ್ಯಾಹ್ನದ ಊಟದ ಗಂಟೆ ಹೊಡೆಯುತ್ತಿತ್ತು.

ನಾನು ಹೆಡ್‌ಮಾಸ್ಟರ ಮುಂದೆ ನಿಂತು, "ಸಾರ್, ಟೈಮಿಗೆ ಸರಿಯಾಗಿ ಬಂದಿದ್ದೆ, ಬಸ್ಸು ಬಿಡಲಿಲ್ಲ" ಎಂದೆ. "ಗೊತ್ತು ಮೇಡಂ" ಅಂದರು. "ಪ್ರಾರ್ಥನೆ ಹೊತ್ತಲ್ಲಿ ಒಂದ್ಸಲ ಹೋದ್ರಿ, ಎರಡನೇ ಪೀರಿಯಡ್‌ನಲ್ಲಿ ವಾಪಸ್ ಹೋದ್ರಿ. ಮಕ್ಕಳೆಲ್ಲ ಎರಡು ಸಲಾನೂ ಕೈಮುಗಿದು ನಮಸ್ಕಾರ ಹೇಳಿದ್ರು."

ಮಾಲೂರಿನ ತೂಕ

ಮಾಲೂರಿನಲ್ಲಿ ನೆಂಟರ ಗೃಹಪ್ರವೇಶ. ಅತ್ತೆಗೆ ಮೊಣಕಾಲು ನೋವು, ಕಾರಿಲ್ಲದೆ ಎಲ್ಲಿಗೂ ಹೊರಡುವವರಲ್ಲ. ಹಿಂದಿನ ಸೀಟು ಅವರ ಸಿಂಹಾಸನ. ಒಮ್ಮೆ ಕೂತರೆ ಊರು ಬರುವವರೆಗೂ ಅಲ್ಲಾಡುವುದಿಲ್ಲ. ನಾಲ್ಕೂವರೆ ಸಾವಿರವೇ ವಾಸಿ ಎಂದು ನಾನಾಗಲೇ ಶರಣಾಗಿದ್ದೆ. ಆದರೆ ಯಜಮಾನರು ದುಡ್ಡು ಬಿಚ್ಚುತ್ತಿರಲಿಲ್ಲ. ನನ್ನ ಸಂಬಳ ಮಗಳ ಹಾಸ್ಟೆಲ್ ಫೀಸಿಗೇ ಮುಗಿದಿತ್ತು. ಅದೇ ಸದ್ದಿನಲ್ಲೇ, ನಿಧಾನವಾಗಿ ಹೊರಟೆವು.

ಮಾಲೂರಿನ ಹತ್ತಿರ ಯಜಮಾನರು, "ಇಲ್ಲಿ ಎಡಕ್ಕೆ ತಿರುಗ್ಸು" ಅಂದರು. ತಿರುಗಿಸಿದೆ. ನೋಡಿದರೆ ಗುಜರಿ ಅಂಗಡಿ. ತಟ್ಟನೆ ಬ್ರೇಕ್ ಹಾಕಿದೆ. "ಸುಮ್ನೆ ರೇಟ್ ಕೇಳಣ, ಕೇಳಕ್ಕೇನು ದುಡ್ಡಾ?" ಅಂದರು.

ಗುಜರಿಯವನು ಕಾರಿನ ಸುತ್ತ ಒಂದು ಸುತ್ತೂ ಬರಲಿಲ್ಲ. ಪಕ್ಕದಲ್ಲೇ ಇಟ್ಟಿಗೆ ಲಾರಿಗಳನ್ನು ತೂಗುವ ವೇ ಬ್ರಿಡ್ಜ್ ಇತ್ತು. "ಅದರ ಮೇಲೆ ನಿಲ್ಸಿ, ಕೆಜಿ ಲೆಕ್ಕದಲ್ಲಿ ಹೇಳ್ತೀನಿ" ಎಂದ. ಇಷ್ಟು ವರ್ಷ ನನ್ನನ್ನು ಹೊತ್ತು ತಿರುಗಿದ ಕಾರನ್ನು ಹಳೇ ಪೇಪರಿನ ಹಾಗೆ ತೂಗುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಿಲ್ಲಿಸಿ ಇಳಿದೆ. ಯಜಮಾನರೂ ಇಳಿದರು. ಅತ್ತೆ ಇಳಿಯಲಿಲ್ಲ.

"ಅಮ್ಮಾ, ಒಂಚೂರು ಇಳಿಯಮ್ಮ, ತೂಕ ಹಾಕ್ಬೇಕು."

"ತೂಕ ಹಾಕೋದು ಕಾರ್ಗೆ ತಾನೆ? ಹಾಕ್ಕೊಳ್ಳಿ, ನಾನೇನು ಅಡ್ಡ ಬಂದ್ನಾ?" ಅಂದರು ಅತ್ತೆ. ಗೃಹಪ್ರವೇಶಕ್ಕೆಂದು ಉಟ್ಟ ರೇಷ್ಮೆ ಸೀರೆಯ ಸೆರಗು ಸರಿಮಾಡಿಕೊಂಡು ಇನ್ನೂ ಒತ್ತಿ ಕೂತರು.

ಗುಜರಿಯವನು ಚೀಟಿ ನೋಡಿದ, ಅತ್ತೆಯನ್ನು ನೋಡಿದ. ತಲೆ ಕೆರೆದುಕೊಂಡು ಯಜಮಾನರನ್ನು ಪಕ್ಕಕ್ಕೆ ಕರೆದ. "ಸಾರ್, ಗಾಡಿ ಒಂದೇ ಆದ್ರೆ ಇಪ್ಪತ್ತು ಸಾವಿರ. ಅಮ್ಮನ್ನೂ ಸೇರ್ಸಿ ಬಿಟ್ಟೋಗೋದಾದ್ರೆ ಇಪ್ಪತ್ತೆರಡು."

ಕುರುಡುಮಲೆ ದಾರಿ

ಅದಾದ ಮೇಲೆ ನಡೆದದ್ದನ್ನು ನಾನು ನಂಬಲೇ ಇಲ್ಲ. ಒಂದು ಸಂಜೆ ಯಜಮಾನರು ಅಂಗಡಿಯಿಂದ ಬಂದು ನನ್ನ ಕೈಗೆ ನಾಲ್ಕೂವರೆ ಸಾವಿರ ಇಟ್ಟು, "ಹೋಗ್ಲಿ, ಬೇರಿಂಗ್ ಹಾಕ್ಸ್ಕೋ" ಅಂದರು. ನನಗೆ ಕಣ್ಣು ತುಂಬಿ ಬಂತು. ಅವತ್ತು ಅವರಿಗೆ ಇಷ್ಟವೆಂದು ಒಬ್ಬಟ್ಟು ಮಾಡಿದೆ, ತುಪ್ಪವನ್ನು ಕೈ ಬಿಚ್ಚಿ ಹಾಕಿದೆ.

ಭಾಯ್ ಒಂದೇ ದಿನದಲ್ಲಿ ಬೇರಿಂಗ್ ಹಾಕಿಕೊಟ್ಟರು. ನಮ್ಮ ಕಡೆ ಗಾಡಿಗೆ ದೊಡ್ಡ ಕೆಲಸ ಮಾಡಿಸಿದರೆ ಕುರುಡುಮಲೆ ಗಣಪನಿಗೆ ತೋರಿಸಿ ಪೂಜೆ ಮಾಡಿಸುವುದುಂಟು. ಭಾನುವಾರ ಬೆಳಿಗ್ಗೆ ಹೊರಟೆವು. ಮುಂದೆ ನಾನು, ಪಕ್ಕದಲ್ಲಿ ಯಜಮಾನರು. ಹಿಂದೆ ಅತ್ತೆ, ಅವರ ಜೊತೆಗೆ ಎದುರು ಮನೆ ಅಕ್ಕ. ಅತ್ತೆ ಎಲ್ಲಿಗೆ ಹೊರಟರೂ ಆ ಅಕ್ಕನೂ ಹೊರಡುವುದು ವಾಡಿಕೆ.

ಊರು ದಾಟಿ ವೇಗ ಐವತ್ತಕ್ಕೆ ಹೋಯಿತು. ಸದ್ದೇ ಇಲ್ಲ. ಎಣ್ಣೆ ಹಾಕಿದ ತೊಟ್ಟಿಲ ಹಾಗೆ ಸಾಗುತ್ತಿತ್ತು ಕಾರು. ಅಷ್ಟು ಸುಖದಲ್ಲಿ ನಾನು ಆ ಕಾರು ಓಡಿಸಿ ಎಷ್ಟೋ ಕಾಲವಾಗಿತ್ತು.

ಆಗ ಹಿಂದಿನ ಸೀಟಿನಿಂದ ಅತ್ತೆ, ಇಷ್ಟು ದಿನದ ಅಭ್ಯಾಸದಂತೆ, ಗಿರಣಿಯಲ್ಲಿ ಮಾತಾಡುವಷ್ಟು ಗಟ್ಟಿಯಾಗಿ ಅಕ್ಕನಿಗೆ ಹೇಳಿದರು: "ಪಾಪ, ಇವಳಿಗಿನ್ನೂ ಗೊತ್ತಿಲ್ಲ. ಶುಕ್ರವಾರ ಶ್ರೀನಿವಾಸಪುರದ ಮಾವಿನ ಮಂಡಿಯೋನು ಬಂದು ಕಾರು ತಗೊಂಡೋಗ್ತಾನೆ. ಅಡ್ವಾನ್ಸ್ ಕೊಟ್ಟಾಯ್ತು. ಸದ್ದು ನಿಲ್ಲಿಸಿದ್ರೇನೇ ತಗೊಳ್ಳೋದು ಅಂದ್ನಂತೆ. ಅದಕ್ಕೇ ಆ ದುಡ್ಡಲ್ಲೇ ನಮ್ಮ ಹುಡುಗ ಬೇರಿಂಗ್ ಹಾಕ್ಸಿದ್ದು."

"ಮೆಲ್ಲಗಾ ಅಕ್ಕಾ, ಮೆಲ್ಲಗಾ" ಎಂದು ಎದುರು ಮನೆಯವರು ತೆಲುಗಿನಲ್ಲಿ ಎಚ್ಚರಿಸಿದರು.

"ಅಯ್ಯೋ, ಈ ಸದ್ದಲ್ಲಿ ಅವಳಿಗೆಲ್ಲಿ ಕೇಳ್ಸ್ತದೆ ಬಿಡೇ" ಅಂದರು ಅತ್ತೆ.

ಕಾರನ್ನು ಒಂದು ಮಾವಿನ ತೋಪಿನ ಪಕ್ಕ ನಿಲ್ಲಿಸಿದೆ. ಯಜಮಾನರು ಕಿಟಕಿಯಾಚೆ ಮಾವಿನ ಮರಗಳನ್ನು ಜೀವಮಾನದಲ್ಲೇ ಮೊದಲ ಸಲ ಕಾಣುವವರ ಹಾಗೆ ನೋಡುತ್ತಿದ್ದರು. ಒಬ್ಬಟ್ಟಿನ ಮೇಲೆ ಸುರಿದ ತುಪ್ಪವೆಲ್ಲ ನೆನಪಾಗಿ ನನಗೆ ಅಳು ಬಂತು. ಅಳುವಿನ ಹಿಂದೆಯೇ ಕೋಪ ಬಂತು.

"ಹೌದೇನ್ರೀ?" ಎಂದೆ.

"ಹೇಳಣ ಅಂತಲೇ ಇದ್ದೆ ಕಣೇ. ಹೇಗಿದ್ರೂ ಬಸ್ಸು..."

"ಆಯ್ತು, ಮಾರಿ. ಕಾರು ನಿಮ್ಮ ಹೆಸರಲ್ಲಿದೆ, ನಾನು ಬೇಡ ಅನ್ನೋಕಾಗುತ್ತಾ?" ಎಂದು ಕಣ್ಣೊರೆಸಿಕೊಂಡು ಹಿಂದಕ್ಕೆ ತಿರುಗಿದೆ. "ಅತ್ತೆ, ಮೊಣಕಾಲಿಗೆ ಕರೆಂಟ್ ಕೊಡಿಸೋಕೆ ಬುಧವಾರ ಬುಧವಾರ ಸಂಜೆ ಈ ಕಾರಲ್ಲಿ ಕೋಲಾರದ ಆಸ್ಪತ್ರೆಗೆ ಹೋಗ್ತೀರಲ್ಲ, ಇನ್ಮೇಲೆ ಬಸ್ಸಿಗೆ ಹೋಗ್ಬನ್ನಿ. ನಿಮಗೂ ಫ್ರೀ. ಆಧಾರ್ ಕಾರ್ಡ್ ತೋರಿಸಿದ್ರೆ ಆಯ್ತು."

ಕಾರು ಹೋದರೆ ಹಿಂದಿನ ಸೀಟೂ ಅದರ ಜೊತೆಗೇ ಹೋಗುತ್ತದೆಂಬುದು ಅತ್ತೆಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ಏನ್ಲಾ" ಎಂದು ಅವರು ಹಿಂದಿನಿಂದ ಮಗನ ಭುಜ ಹಿಡಿದರು. "ಕಾರು ಮಾರ್ತೀನಿ ಅಂದೆ. ನನ್ನ ಬಸ್ಸಿಗೆ ಹತ್ತಿಸ್ತೀನಿ ಅಂದ್ಯಾ? ಫೋನ್ ಮಾಡು ಅವ್ನಿಗೆ."

"ಅಮ್ಮಾ, ಅಡ್ವಾನ್ಸ್ ಖರ್ಚಾಗಿದೆ..."

"ನಿನ್ನ ಜೆರಾಕ್ಸ್ ಅಂಗಡಿ ಇನ್ನೂ ಅದೆಯಲ್ಲ. ಅದ್ರಿಂದ ತೆಗ್ದು ಕೊಡು. ಮೊದ್ಲು ಮಾಡು ಫೋನು, ಗಣಪ್ಪನ ಮುಂದೆ ಸುಳ್ಳು ಪೂಜೆ ಬೇಡ."

ಯಜಮಾನರು ಇಳಿದು, ಮಾವಿನ ಮರದ ಕೆಳಗೆ ನಿಂತು, ಮಂಡಿಯವನಿಗೆ ಫೋನ್ ಮಾಡಿ ಕಾರು ಕೊಡುವುದಿಲ್ಲವೆಂದು ಹೇಳಿದರು. ಆ ಕಡೆಯ ಬೈಗುಳ ಕಾರಿನೊಳಗಿದ್ದ ನಮಗೂ ಕೇಳಿಸಿತು. ವಾಪಸ್ ಬಂದು ಕೂತವರು ಚಕ್ರದ ಕಡೆ ನೋಡಿ, "ಹಳೇ ಬೇರಿಂಗೇ ಚೆನ್ನಾಗಿತ್ತು" ಎಂದು ಗೊಣಗಿದರು.

ಕುರುಡುಮಲೆಯಲ್ಲಿ ಕಾರಿಗೆ ಹೂವು ಹಾಕಿ, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿದೆವು. ಅತ್ತೆ ಎಂದಿನಂತೆ ಕಾರಿನಲ್ಲೇ ಕೂತಿದ್ದು ಮಂಗಳಾರತಿ ತೆಗೆದುಕೊಂಡರು.

ಪೂಜೆ ಮುಗಿಸಿ ವಾಪಸ್ ಹೊರಟೆವು. ಊರು ಹತ್ತಿರವಾದಾಗ ಅತ್ತೆ ಮುಂದಕ್ಕೆ ಬಾಗಿ, ಅವರಲ್ಲಿ ನಾನೆಂದೂ ಕೇಳದ ಮೃದುವಾದ ದನಿಯಲ್ಲಿ ಕೇಳಿದರು.

"ಏನಮ್ಮಾ, ಹಂಗಾದ್ರೆ ಇಷ್ಟು ದಿನ ನಾವಿಬ್ಬರೂ ಹಿಂದೆ ಕೂತು ಆಡ್ಕೊಂಡಿದ್ದು ಒಂದೂ ನಿಂಗೆ ಕೇಳ್ಸ್ತಿರ್ಲಿಲ್ವಾ?"

"ಇಲ್ಲ ಅತ್ತೆ, ಒಂದು ಮಾತೂ ಕೇಳ್ತಿರ್ಲಿಲ್ಲ."

ಅತ್ತೆ ಹಿಂದಕ್ಕೆ ಒರಗಿದರು. ಎದುರು ಮನೆ ಅಕ್ಕನ ಕಿವಿಯ ಹತ್ತಿರ ಬಾಗಿ, "ಸದ್ಯ, ಗಣಪ್ಪ ಕಾಪಾಡ್ದ ಕಣೇ" ಅಂದರು.

ಅದೂ ಕೇಳಿಸಿತು.