ನಮ್ಮ ಮನೆಯ ಗೋಧಿ ನಿಷೇಧ

"ಇವತ್ತಿನಿಂದ ಈ ಮನ್ಯಾಗ ಗೋಧಿಯ ಒಂದು ಕಣನೂ ಕಾಲಿಡಂಗಿಲ್ಲ!" ಎಂದು ಅಮೆರಿಕದ ಲೈಲ್ ಊರಿನ ನಮ್ಮ ಅಡುಗೆಮನೆಯಲ್ಲಿ ನಿಂತು ಘೋಷಿಸಿದೆ.

ಹೆಂಡತಿ ಸುಹಾಸಿನಿಗೆ ಹತ್ತು ವರ್ಷದ ಆಸ್ತಮಾ. ಅದರ ಜೊತೆಗೆ ಹೊಟ್ಟೆನೋವು ಶುರುವಾಗಿ ಆಕೆ ಹನ್ನೆರಡು ಪೌಂಡ್ ತೂಕ ಇಳಿದಿದ್ದಳು. ಪರೀಕ್ಷೆ ಮಾಡಿದ ಡಾಕ್ಟರು ಸೀಲಿಯಾಕ್ ಅಂದರು. ಗೋಧಿಯೊಳಗಿನ ಗ್ಲುಟೆನ್ ಕರುಳಿಗೆ ಆಗದ ಕಾಯಿಲೆ. ಅದಕ್ಕೂ ಆಸ್ತಮಾಕ್ಕೂ ನಂಟಿರಬಹುದು, ಖಚಿತವಿಲ್ಲ, ಇನ್‌ಹೇಲರ್ ಮಾತ್ರ ಬಿಡಬೇಡಿ ಎಂದೂ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ನಂಟು ಎಂಬ ಮಾತೊಂದೇ.

"ಗೋಧಿ ಹೋತಂದ್ರ ಆಸ್ತಮಾನೂ ಗಂಟುಮೂಟಿ ಕಟ್ತದ ನೋಡು. ನಾವು ಜೋಳದ ರೊಟ್ಟಿ ತಿಂದು ಬೆಳೆದ ಮಂದಿ, ನನಗ ಬಿಡು."

"ಡಾಕ್ಟ್ರು ಇರಬಹುದು ಅಂದ್ರು ರೀ, ಇದೆ ಅನ್ನಲಿಲ್ಲ," ಎಂದಳು ನನ್ನ ಮೈಸೂರಿನವಳು.

ಚಪಾತಿ ಹಿಟ್ಟು, ರವೆ, ಶಾವಿಗೆ, ಮಗಳು ಶರಣ್ಯಾಳ ಬಿಸ್ಕತ್ತು ಎಲ್ಲ ಗಡೀಪಾರಾದವು. ಲೆಮಾಂಟ್ ದೇವಸ್ಥಾನದಲ್ಲಿ ಸುಹಾಸಿನಿಯ ಅಂಗೈಗೆ ಬಿದ್ದ ಸಜ್ಜಿಗೆ ಪ್ರಸಾದವನ್ನು ಕಿತ್ತು ನಾನೇ ನುಂಗಿದೆ. ಸಾಲಿನಲ್ಲಿದ್ದವರು ನನ್ನನ್ನು ಹೊಟ್ಟೆಬಾಕ ಅಂದುಕೊಂಡರು. ದಿನಾ ಸಂಜೆ ಗೋಧಿಯ ಕೇಡಿನ ಬಗ್ಗೆ ಉಪದೇಶ ಮಾಡುತ್ತ ನನ್ನ ಕೈಯಾರೆ ಘಮಘಮ ಸಾರು ಮಾಡಿ ಬಡಿಸಿದೆ.

"ಇಂಗು ತೆಂಗು ಇದ್ರೆ ಮಂಗನೂ ಅಡುಗೆ ಮಾಡುತ್ತೆ," ಎಂದು ನಕ್ಕು ಸುಹಾಸಿನಿ ಎರಡೆರಡು ಸಲ ಹಾಕಿಸಿಕೊಂಡಳು.

ಆರು ವಾರವಾದರೂ ಹೊಟ್ಟೆನೋವು ಹೋಗಲಿಲ್ಲ. ಒಂದು ಸಂಜೆ ಮೆಟ್ಟಿಲ ನಡುವೆಯೇ ಕೂತು ಇನ್‌ಹೇಲರ್‌ಗೆ ತಡಕಾಡಿದಳು. ನಿಜವಾಗಿ ಹೆದರಿದೆ. ನನಗೆ ಹೆದರಿಕೆಯಾದರೆ ಅದು ಸಿಟ್ಟಾಗಿಯೇ ಹೊರಬರುತ್ತದೆ. ಆಕೆ ಸುಧಾರಿಸಿಕೊಂಡ ಮೇಲೆ ವಿಚಾರಣೆ ಶುರುವಾಯಿತು.

"ಆಫೀಸ್‌ನಾಗ ಏನರ ತಿಂದಿ?"

"ಇಲ್ಲ."

"ಬರ್ತ್‌ಡೇ ಕೇಕು? ಖರೆ ಹೇಳು."

"ರೀ, ನೀವು ಬಡಿಸಿದ್ದು ಬಿಟ್ರೆ ಬೇರೇನೂ ಬಾಯಿಗೆ ಹಾಕಿಲ್ಲ."

ಕೇಳುತ್ತಿದ್ದ ಶರಣ್ಯಾ ಎದ್ದು ಹೋಗಿ ಒಂದೊಂದೇ ಡಬ್ಬಿಯ ಲೇಬಲ್ ಓದತೊಡಗಿದಳು. ನನ್ನ ಇಂಗಿನ ಡಬ್ಬಿಯ ಹತ್ತಿರ ನಿಂತಳು.

"ಅಪ್ಪಾ, ದಿಸ್ ಹ್ಯಾಸ್ ವೀಟ್."

"ಇಂಗಿನಾಗ ಗೋಧಿ ಎಲ್ಲಿಂದ ಬರ್ತದವಾ?"

ಕನ್ನಡಕ ಹಾಕಿಕೊಂಡು ನೋಡಿದೆ. ಇಂಗಿನ ಪುಡಿಗೆ ಗೋಧಿ ಹಿಟ್ಟು ಬೆರೆಸಿದ್ದರು! ಆರು ವಾರ, ದಿನಾ ಸಂಜೆ, ಪ್ರೀತಿಯಿಂದ ನಾನೇ ಉಣಿಸಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಸುಹಾಸಿನಿ ಮಂಗನ ಗಾದೆಯನ್ನು ಮತ್ತೆ ಹೇಳಲಿಲ್ಲ, ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮುಚ್ಚಳ ಬಿಗಿದಳು. ನಾಚಿಕೆಯಾಯಿತು, ಆದರೆ ಅದಕ್ಕಿಂತ ದೊಡ್ಡ ನೆಮ್ಮದಿಯೂ ಆಯಿತು. ಕಳ್ಳ ಸಿಕ್ಕಿದ್ದ, ಅದೂ ಮನೆಯೊಳಗೇ.

ಇಂಗಿನ ಡಬ್ಬಿ ಹೊರಗೆ ಹೋಯಿತು. ಮೂರು ತಿಂಗಳಲ್ಲಿ ಹೊಟ್ಟೆ ಸುಮ್ಮನಾಯಿತು, ಕೆನ್ನೆ ತುಂಬಿತು, ಉಬ್ಬಸವೂ ಕಡಿಮೆಯಾಯಿತು. ಡಾಕ್ಟರನ್ನು ನೋಡಿ ಬರುವಾಗ ಕಾರಿನಲ್ಲಿ ನನ್ನ ಎದೆ ಮತ್ತೆ ಉಬ್ಬಿತು.

"ನೋಡಿದಿ? ಗೋಧಿಗೂ ಆಸ್ತಮಾಕ್ಕೂ ನಂಟದ ಅಂತ ನಾ ಹೇಳಿರಲಿಲ್ಲ?"

ಸುಹಾಸಿನಿ ಬ್ಯಾಗಿನಲ್ಲಿ ಇನ್‌ಹೇಲರ್ ಇದೆಯೇ ಎಂದು ಮುಟ್ಟಿ ನೋಡಿಕೊಂಡಳು.

"ಇರಬಹುದು ರೀ. ಆದ್ರೆ ಯಾವುದರಿಂದ ಅಂತ ಖಚಿತವಾಗಿ ಹೇಳೋಕಾಗಲ್ಲ. ಇಂಗಿನ ಗೋಧಿ ನಿಂತ ದಿನವೇ ನಿಮ್ಮ ಉಪದೇಶಾನೂ ನಿಂತಿತ್ತಲ್ಲ."