ಸಗಣಿ ಹಾಕಿ ನೀರು ತೊಳೆಯುವ ನೌಕರಿ

ಏನು ಕೆಲಸ ಎಂದು ಯಾರಾದರೂ ಕೇಳಿದರೆ ಈಗೀಗ “ನೀರಿನ ಕೆಲಸ” ಎಂದು ಸುಮ್ಮನಾಗುತ್ತೇನೆ. ವಿವರಿಸಿ ವಿವರಿಸಿ ಸಾಕಾಗಿದೆ. ನಂಜನಗೂಡಿನ ಆಚೆ ಮುಚ್ಚಿಹೋದ ಗಣಿಯೊಂದರ ಹೊಂಡವಿದೆ. ಮಳೆ ಬಂದರೆ ಅದರ ವಿಷದ ನೀರು ಉಕ್ಕಿ ಗದ್ದೆಗೆ ಹರಿಯುತ್ತದೆ. ಸಗಣಿ, ಹುಲ್ಲು, ಕಬ್ಬಿನ ಸಿಪ್ಪೆ ತುಂಬಿದ ತೊಟ್ಟಿಯಲ್ಲಿ ಆ ನೀರನ್ನು ಹಾಯಿಸಿದರೆ, ಅದರೊಳಗಿನ ಸೂಕ್ಷ್ಮಜೀವಿಗಳು ವಿಷವನ್ನು ಹಿಡಿದಿಡುತ್ತವೆ. ಇದನ್ನು ಹೇಳಿ ನಗೆಪಾಟಲಾಗದ ದಿನವೇ ಇಲ್ಲ.

ಹುಲ್ಲಹಳ್ಳಿಯಲ್ಲಿ

ಸಗಣಿ ಕೇಳಿಕೊಂಡು ಹೋದೆ. ಹೆಂಗಸೊಬ್ಬರು ಕೊಟ್ಟಿಗೆ ಗುಡಿಸುತ್ತಿದ್ದರು.

“ಯಾಕೆ ಸಾ, ಗೊಬ್ಬರಕ್ಕಾ?”

“ಇಲ್ಲಮ್ಮ, ಕೆಟ್ಟ ನೀರಿಗೆ ಹಾಕಿ ಒಳ್ಳೇದು ಮಾಡೋಕೆ.”

ಆಯಮ್ಮ ಪೊರಕೆ ಕೆಳಗಿಟ್ಟು, ಒಳಗಿದ್ದ ಗಂಡನನ್ನು ಕೂಗಿದರು: “ಬನ್ನಿ ಇಲ್ಲಿ! ಪಾಪ, ಯಾರೋ ಸಾಹೇಬ್ರಿಗೆ ಬಿಸ್ಲು ನೆತ್ತಿಗೇರ್ಬುಟ್ಟದೆ. ಒಂದ್ಲೋಟ ಮಜ್ಜಿಗೆ ತನ್ನಿ!”

ಮಜ್ಜಿಗೆ ಚೆನ್ನಾಗಿತ್ತು. ಸಗಣಿ ಸಿಗಲಿಲ್ಲ.

ಹುಲ್ಲಿನ ತಕರಾರು

ತೊಟ್ಟಿಗೆಂದು ಹುಲ್ಲು ತರಿಸಿ ಒಟ್ಟಿದ್ದೆವು. ಊಟ ಮುಗಿಸಿ ಬರುವಷ್ಟರಲ್ಲಿ ಊರಿನ ಎಮ್ಮೆಗಳೂ ಊಟ ಮುಗಿಸಿದ್ದವು. ನಾನು ಕೂಗಾಡಿದೆ. ಎಮ್ಮೆಗಳ ಯಜಮಾನ ಬೀಡಿ ಹಚ್ಚಿಕೊಂಡು ಕೇಳಿದ: “ತೊಟ್ಟಿಗೆ ಏನೇನು ಆಕ್ತೀರಿ ಸಾ?”

“ಹುಲ್ಲು, ಸಗಣಿ.”

“ಮತ್ಯಾಕೆ ಬಡ್ಕೊತೀರಿ? ಹುಲ್ಲು ಓಯ್ತು. ಬೆಳಿಗ್ಗೆ ಬನ್ನಿ, ಸಗಣಿ ಬತ್ತದೆ.”

ಎರಡು ಬಾಟಲಿ

ಕೊನೆಗೆ ತೊಟ್ಟಿ ಕೆಲಸ ಮಾಡತೊಡಗಿತು. ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ತೀರ್ಮಾನಿಸಲು ಮೈಸೂರಿನಿಂದ ಹಿರಿಯ ಅಧಿಕಾರಿ ಬಂದರು, ಜೊತೆಗೆ ಪೇಪರಿನವರು. ಮೇಜಿನ ಮೇಲೆ ಎರಡು ಬಾಟಲಿ ಇಟ್ಟಿದ್ದೆ. ಒಂದರಲ್ಲಿ ಹೊಂಡದ ನೀರು, ಸ್ಫಟಿಕದಷ್ಟು ತಿಳಿ. ಇನ್ನೊಂದರಲ್ಲಿ ಶುದ್ಧಿಯಾದದ್ದು, ಹಾಲಿಲ್ಲದ ಟೀ ಬಣ್ಣ. ಮೇಲೊಂದು ಕೊಳೆತ ಮೊಟ್ಟೆಯ ವಾಸನೆ. ನಾನು ಬಾಯಿ ತೆರೆಯುವ ಮೊದಲೇ ಅಧಿಕಾರಿ “ಭೇಷ್!” ಎಂದು ತಿಳಿ ನೀರನ್ನೆತ್ತಿ ತುಟಿಗಿಟ್ಟರು. ಹಾರಿ ಕಿತ್ತುಕೊಂಡೆ.

“ಸಾರ್, ಅದು ವಿಷದ್ದು!”

“ಮತ್ತೆ ಕ್ಲೀನ್ ಆಗಿರೋದು?”

ಕಂದು ಬಾಟಲಿ ತೋರಿಸಿದೆ. ಮೂಸಿ ನೋಡಿದರು. ಆಮೇಲೆ ಡ್ರೈವರ್ ಕಡೆ ತಿರುಗಿದರು: “ಗಾಡೀಲಿರೋ ನನ್ನ ನೀರಿನ ಬಾಟ್ಲು ತಗೊಂಬಾರಯ್ಯ. ಫೋಟೋಗೆ ಅದನ್ನೇ ಕುಡೀತೀನಿ.”

ಪರೀಕ್ಷೆಯ ವರದಿ ಚೆನ್ನಾಗಿದ್ದುದರಿಂದ ಯೋಜನೆ ಉಳಿಯಿತು. ಫೋಟೋ ಅಚ್ಚಾಯಿತು. ಅದನ್ನು ನೋಡಿ ಟಿ. ನರಸೀಪುರದಿಂದ ಒಬ್ಬರು ಟೆಂಪೋ ತುಂಬ ಖಾಲಿ ಕ್ಯಾನ್ ಹೇರಿಕೊಂಡು ಬಂದರು. “ಮಗಳ ಮದ್ವೆ ಸಾ. ಆ ಸಗಣಿ ನೀರು ಕೊಡಿ.”

“ಅದು ಕುಡಿಯೋಕಲ್ಲಪ್ಪ, ಗದ್ದೆಗೆ ಬಿಡೋದು,” ಎಂದೆ.

ಆತನಿಗೆ ಕೋಪ ಬಂತು. “ಸಾಹೇಬ್ರು ಗಟಗಟ ಅಂತ ಕುಡೀತಾವ್ರೆ. ನಮ್ಮ ಬೀಗರಿಗೆ ಮಾತ್ರ ಗದ್ದೆ ನೀರಾ?”