ಮುಚ್ಚಳವಿಲ್ಲದ ಹಡಗು

ಹಡಗು ಮುಳುಗಬಹುದಿತ್ತು. ಮುಳುಗದಿದ್ದರೆ ದಾರಿ ತಪ್ಪಬಹುದಿತ್ತು. ಮಗಳು ಬಗ್ಗಿ ನೋಡಲು ಹೋಗಿ ನೀರಿಗೆ ಬೀಳಬಹುದಿತ್ತು. ಅವಳನ್ನು ಹಿಡಿಯಲು ಹೋಗಿ ಈಜು ಬಾರದ ನಾನೂ ಬೀಳಬಹುದಿತ್ತು. ವಾಂತಿ, ಜ್ವರ, ಬಿರುಗಾಳಿ, ಕಳೆದುಹೋದ ಟಿಕೀಟು, ತಿಮಿಂಗಿಲ. ತಿಮಿಂಗಿಲವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಚೀಲದಲ್ಲಿ ಏನಾದರೊಂದು ಇಟ್ಟುಕೊಂಡಿದ್ದೆ. ನವನಗರದಿಂದ ಧಾರವಾಡಕ್ಕೆ ಬಸ್ಸು ಹತ್ತಿದರೂ ಅಪಘಾತವಾದರೆ ಯಾವ ಸೀಟು ವಾಸಿ ಎಂದು ಯೋಚಿಸುವ ಮನುಷ್ಯ ನಾನು. ಅಂಥವನು ಹತ್ತು ವರ್ಷದ ಮಗಳೊಡನೆ ಕೊಚ್ಚಿಯಿಂದ ಲಕ್ಷದ್ವೀಪದ ಹಡಗು ಹತ್ತಿದ್ದಕ್ಕೆ ಅವಳ ಕಣ್ಣೀರೇ ಕಾರಣ. “ಭೂಮಿ ಮ್ಯಾಲ ಮುಕ್ಕಾಲು ಪಾಲು ನೀರೈತಂತ. ನಾ ನೋಡಿದ್ದು ಬರೇ ಉಣಕಲ್ ಕೆರಿ!” ರಜೆ ಸಿಗದ ಹೆಂಡತಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, “ಕೂಸಿನ್ನ ಜ್ವಾಪಾನ ಮಾಡ್ರಿ. ನಿಮ್ಮನ್ನ ಜ್ವಾಪಾನ ಮಾಡಂತ ಅಕಿಗೆ ಹೇಳೇನಿ” ಎಂದಳು.

ಆದರೆ ನನ್ನ ನಿಜವಾದ ಭಯ ಬೇರೆಯೇ ಇತ್ತು. ನಮ್ಮಪ್ಪನಿಗೆ ಗೊತ್ತಿಲ್ಲದ್ದೇ ಇಲ್ಲ ಎಂದು ಮಗಳು ಶಾಲೆಯ ತುಂಬ ಹೇಳಿಕೊಂಡು ಬಂದಿದ್ದಾಳೆ. ಆ ಕೀರ್ತಿಯ ಗುಟ್ಟನ್ನು ನಿಮಗೆ ಮಾತ್ರ ಹೇಳುತ್ತೇನೆ. ಅವಳು ಏನಾದರೂ ಕೇಳಿದೊಡನೆ, “ತಡಿಯವ್ವಾ, ಗಿಡಕ್ಕ ನೀರು ಹಾಕಿ ಬರ್ತೇನಿ” ಎಂದು ಹಿತ್ತಲಿಗೆ ಹೋಗಿ, ಮೊಬೈಲಿನಲ್ಲಿ ಉತ್ತರ ನೋಡಿಕೊಂಡು ಬರುತ್ತೇನೆ. ಹೆಚ್ಚಿನ ನೀರಿಗೆ ನಮ್ಮ ದಾಸವಾಳದ ಬೇರು ಎರಡು ಸಲ ಕೊಳೆತಿದೆ. ಈಗ ನಡುಸಮುದ್ರದಲ್ಲಿ ಗಿಡವೂ ಇಲ್ಲ, ನೆಟ್‌ವರ್ಕೂ ಇಲ್ಲ.

ಮರುದಿನ ಬೆಳಿಗ್ಗೆ ಕೇಳಿಯೇಬಿಟ್ಟಳು. “ಅಪ್ಪಾ, ಸಣ್ಣ ಮೊಳಿ ನೀರಾಗ ಹಾಕಿದ್ರ ಮುಳುಗತೈತಿ. ಇಷ್ಟು ದೊಡ್ಡ ಕಬ್ಬಿಣದ ಹಡಗ ಹ್ಯಾಂಗ ತೇಲತೈತಿ?”

ಮೊಬೈಲು ನೋಡಿದೆ. ಆಕಾಶ ನೋಡಿದೆ. ಹತ್ತು ವರ್ಷದ ಮಾನ ಒಂದೇ ಉಸಿರಿನಲ್ಲಿ ಹೋಯಿತು. “ನಂಗ ಗೊತ್ತಿಲ್ಲವ್ವಾ.”

ಮುಖ ಬಾಡೀತೆಂದು ನೋಡಿದರೆ ಅರಳಿತು! “ಖರೇನ? ನಂಗೂ ಗೊತ್ತಿಲ್ಲ. ಇಬ್ರೂ ಕೂಡಿ ನೋಡೋಣ ನಡಿ!”

ಬಚ್ಚಲಿನ ಬಕೆಟ್ಟಿಗೆ ನೀರು ತುಂಬಿ ಇಬ್ಬರೂ ಕುಕ್ಕರಗಾಲಲ್ಲಿ ಕೂತೆವು. ಸ್ಟೀಲಿನ ಚಮಚ ಮುಳುಗಿತು. ಖಾಲಿಯಾದ ರೊಟ್ಟಿ ಡಬ್ಬಿ ತೇಲಿತು. ಅದನ್ನು ಕೆಳಕ್ಕೆ ಒತ್ತಿದ ಮಗಳು, “ಅಪ್ಪಾ, ನೀರು ನನ್ನ ಕೈ ಮ್ಯಾಲಕ್ಕ ದಬ್ಬಾಕತ್ತೈತಿ, ನೀನೂ ಮುಟ್ಟಿ ನೋಡು” ಎಂದಳು. ಮುಟ್ಟಿದೆ. ಡಬ್ಬಿ ಎಷ್ಟು ನೀರಿನ ಜಾಗ ಕಸಿಯುತ್ತದೋ ಅಷ್ಟು ನೀರಿನ ತೂಕದಷ್ಟೇ ಜೋರಾಗಿ ನೀರು ಅದನ್ನು ಮೇಲಕ್ಕೆ ದಬ್ಬುತ್ತದೆ ಎಂಬುದು, ಪರೀಕ್ಷೆಯಲ್ಲಿ ಬರೆದು ಪಾಸಾದ ಎಷ್ಟೋ ವರ್ಷಗಳ ಮೇಲೆ, ನನ್ನ ಅಂಗೈಗೆ ಗೊತ್ತಾಯಿತು. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಕಲಿತ ಹುರುಪಿನಲ್ಲಿ, ಸಾಮಾನು ತುಂಬಿದ ಹಡಗು ತೋರಿಸುತ್ತೇನೆಂದು ಚಟ್ನಿ ಡಬ್ಬಿ ತಂದೆ.

“ಮುಚ್ಚಳ ಹಾಕಪ್ಪಾ.”

“ಹುಚ್ಚಿ, ಹಡಗಕ್ಕ ಮುಚ್ಚಳ ಇರತೈತೇನು? ಇಷ್ಟಾದ್ರೂ ನಂಗ ಗೊತ್ತೈತಿ.”

ಡಬ್ಬಿ ತೇಲಿತು. ಚಪ್ಪಾಳೆ ತಟ್ಟಿದೆವು. ಅದೇ ಹೊತ್ತಿಗೆ ನಿಜವಾದ ಹಡಗು ಚೂರು ವಾಲಿತು. ಇಡೀ ಪ್ರಯಾಣದಲ್ಲಿ ಮುಳುಗಿದ ಹಡಗೆಂದರೆ ಆ ಚಟ್ನಿ ಡಬ್ಬಿಯೊಂದೇ.

ಮನೆಗೆ ಬಂದೊಡನೆ ಹೆಂಡತಿ ಕೇಳಿದಳು: “ಚಟ್ನಿ ಸಾಲ್ತೇನ್ರಿ?”

“ತಡಿ, ಗಿಡಕ್ಕ ನೀರು ಹಾಕಿ ಬರ್ತೇನಿ” ಎಂದು ಎದ್ದೆ.

“ಅಪ್ಪಾ,” ಹಿಂದಿನಿಂದ ಮಗಳೆಂದಳು, “ಈ ಉತ್ತರ ಮೊಬೈಲ್‌ನ್ಯಾಗ ಸಿಗಂಗಿಲ್ಲ.”